ಬಳೆ ತೊಟ್ಟ ದೀಪಗಳು

ಮೊನ್ನೆ ಮೆಹಬೂಬ ಕಾಕಾ ಬಂದು ನಮ್ಮ ಅಂಗಳದಲ್ಲಿ ನಿಂತು, "ಚನ್ಯಾ, ನಮ್ಮ ಬಿಳೀ ಎತ್ತಿಗಿ ಲಾಳ ಬಡಿಸಿ ಎಷ್ಟು ದಿನಾ ಆತೋ? ನಿನ್ನ ಬುಕ್ಕಿನಾಗ ನೋಡು" ಅಂದ. ಎತ್ತು ಅವನದು, ಲಾಳ ಅವನ ಎತ್ತಿನದು, ನೆನಪನ್ನು ಮಾತ್ರ ನಮ್ಮ ಮನೆಯಲ್ಲಿ ಇಟ್ಟಿದ್ದಾನೆ. ಕಮಲಾಪುರದ ನಮ್ಮ ಓಣಿಯಲ್ಲಿ ಅರ್ಧ ಜನರ ಕತೆ ಹೀಗೇ. ಎಮ್ಮೆ ಈದ ದಿನ, ಕೂಸಿಗೆ ಹಲ್ಲು ಬಂದ ದಿನ, ಬಾವಿಯ ನೀರು ಮೂರನೇ ಮೆಟ್ಟಿಲಿಗೆ ಇಳಿದ ದಿನ ಎಲ್ಲ ನನ್ನ ದಿನಚರಿಯಲ್ಲಿ ಬೆಚ್ಚಗೆ ಮಲಗಿವೆ. ಅದಕ್ಕೇ ನನಗೆ "ಎಣಿಕಿ ಚನ್ಯಾ" ಎಂಬ ಹೆಸರು ಬಂದಿದೆ. ಹೆಸರಿಟ್ಟವರು ಯಾರು ಎಂಬುದನ್ನೂ ಬರೆದಿಟ್ಟಿದ್ದೇನೆ. ಸಮಯ ಬಂದಾಗ ತೆಗೆಯುವೆ.

ಎತ್ತಿನ ಲಾಳ ಹುಡುಕುತ್ತ ಹಾಳೆ ತಿರುವಿದಾಗ ಎರಡು ವರ್ಷದ ಹಿಂದಿನ ಒಂದು ಪುಟ ಸಿಕ್ಕಿತು. ಡಿಸೆಂಬರ್ ಇಪ್ಪತ್ತೈದು. ಕೆಳಗೆ ಒಂದೇ ಸಾಲು: "ದೀಪ ೧೧೮ (?)".

ನನ್ನ ಲೆಕ್ಕದಲ್ಲಿ ಪ್ರಶ್ನೆಯ ಕೊಂಡಿ ಇರುವ ಪುಟ ಅದೊಂದೇ. ಕಾಕಾನನ್ನೂ ಅವನ ಎತ್ತನ್ನೂ ಅಂಗಳದಲ್ಲಿ ಮರೆತು ನಾನು ಆ ಕೊಂಡಿಗೆ ಸಿಕ್ಕಿಕೊಂಡು ಕೂತೆ.

ನನ್ನ ದಿನಚರಿಯ ಪದ್ಧತಿ ಸ್ವಲ್ಪ ಹೇಳಬೇಕು. ಪ್ರತಿ ದಿನಕ್ಕೆ ಮೂರು ತಾರೀಖು ಹಾಕುತ್ತೇನೆ: ಸರಕಾರದ ಫಸಲಿ, ಪಂಚಾಂಗದ ತಿಥಿ, ರೈಲಿನವರ ಇಂಗ್ಲಿಷ್ ತಾರೀಖು. ನಮ್ಮ ನಿಜಾಮ ಸರಕಾರದ ಕಾಗದಕ್ಕೆ ಒಂದು, ಹಬ್ಬಕ್ಕೆ ಒಂದು, ರೈಲಿಗೆ ಒಂದು ಬೇಕಲ್ಲ. "ಹುಟ್ಟಿದ ಕೂಸಿಗೂ ಇಷ್ಟು ಹೆಸರು ಇಡೂದಿಲ್ಲೋ, ಒಂದು ದಿನಕ್ಕ ಮೂರು ಇಡ್ತಿ" ಎನ್ನುತ್ತಾಳೆ ನಮ್ಮ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಓದು ಬರಹ ಬಾರದು. ನಾನು ರೊಟ್ಟಿ ತಿನ್ನುವಾಗ ಎಷ್ಟನೆಯದು ಎಂದು ಎಣಿಸುವುದನ್ನು ನೋಡಿ, "ಎಣಿಸಿದ್ರ ಹೊಟ್ಟಿ ತುಂಬೂದಿಲ್ಲ, ತಿಂದ್ರ ತುಂಬ್ತದ" ಎಂದು ಇನ್ನೊಂದು ಹಾಕಿ ನನ್ನ ಲೆಕ್ಕ ಕೆಡಿಸುವವಳು ಆಕೆಯೇ.

ಆಯಿಗೆ ಲೆಕ್ಕ ಬೇಕಿರಲಿಲ್ಲ, ಬಣ್ಣ ಸಾಕಾಗಿತ್ತು. ನಮ್ಮದು ಬಾಳೆ ತೋಟ. ಕಮಲಾಪುರದ ಕೆಂಪು ಬಾಳೆ ಅಂದರೆ ಕಲಬುರಗಿ ಪೇಟೆಯವರು ಮೂಗರಳಿಸುತ್ತಾರೆ. ಆಯಿ ತೋಟದ ಬದುವಿನ ಮೇಲೆ ನಿಂತು ಇಪ್ಪತ್ತು ಹೆಜ್ಜೆ ದೂರದ ಗೊನೆ ನೋಡಿ, "ಇದು ನಾಳಿಂದು, ಅದು ನಾಡದಿಂದು, ಆ ಮೂಲ್ಯಾಗಿಂದು ಇನ್ನ ಕೂಸು" ಅಂದರೆ ಮುಗಿಯಿತು. ಅಪ್ಪ ಮರುಮಾತಿಲ್ಲದೆ ಕುಡಗೋಲು ಎತ್ತುತ್ತಿದ್ದ. ನಾನು ಒಂದು ವರ್ಷ ಸುಮ್ಮನೆ ಆಕೆಯ ತಪ್ಪು ಒಪ್ಪು ಬರೆದಿಟ್ಟಿದ್ದೆ. ತಪ್ಪಿನ ಕಡೆ ಬರೆಯಲು ಬಿಟ್ಟ ಜಾಗದಲ್ಲಿ ಕೊನೆಗೆ ಒಂದು ಎಮ್ಮೆಯ ಚಿತ್ರ ಬರೆದೆ.

ಆಮೇಲೆ ಆಕೆಯ ಕಣ್ಣಿಗೆ ಪರೆ ಬಂತು. ಮೊದಲು ಸೂಜಿಗೆ ದಾರ ಪೋಣಿಸುವುದು ನಿಂತಿತು. ಆಮೇಲೆ ಬದುವಿನ ಮೇಲೆ ನಿಲ್ಲುವುದು ನಿಂತಿತು. ಗೊನೆಯ ಹತ್ತಿರ ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದಳು. ಪೇಟೆಯ ದಲಾಲ, "ನಿಮ್ಮ ಹಣ್ಣಿಗಿ ಯಾರೋ ಮೊಹರು ಒತ್ತ್ಯಾರಲ್ರೀ" ಎಂದು ಅಪ್ಪನಿಗೆ ಹೇಳಿ ಕಳಿಸಿದ. ಅಪ್ಪ ಅದನ್ನು ಆಯಿಗೆ ಹೇಳಲಿಲ್ಲ. ಹೇಳದಿದ್ದರೂ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಕಲಬುರಗಿಯ ದವಾಖಾನೆಗೆ ಚಳಿಗಾಲದಲ್ಲಿ ಎರಡು ಸಲ, ದೀಪಾವಳಿ ಆದಮೇಲೆ ಒಮ್ಮೆ, ಡಿಸೆಂಬರ್ ಕೊನೆಗೆ ಒಮ್ಮೆ, ಹೈದರಾಬಾದಿನಿಂದ ಕಣ್ಣಿನ ಡಾಕ್ಟರು ಬರುತ್ತಾರೆ ಎಂದು ನಾನು ವಿಚಾರಿಸಿ ಬರೆದಿಟ್ಟುಕೊಂಡಿದ್ದೆ. ಆಯಿ ಒಪ್ಪಬೇಕಲ್ಲ.

"ಏನ್ ಬಂದದಂತ ಕಣ್ಣಾಗ?"

"ಮೋತಿಬಿಂದು ಅಂತಾರ ಆಯಿ."

"ಮೋತಿ ಬಂದದಂತಿ, ಮತ್ತ ತೆಗಸೂಣು ಅಂತಿ. ಮನಿಗಿ ಮುತ್ತು ಬಂದ್ರ ಯಾರರ ತೆಗೀತಾರೇನೋ ಹುಚ್ಚಾ?"

ನಾನು ಡಾಕ್ಟರ ತಾರೀಖು ಬರೆದ ಹಾಳೆಯ ಮೂಲೆ ಮಡಚಿಟ್ಟೆ.

ದಾರಿ ತೆರೆದದ್ದು ಮೆಹಬೂಬ ಕಾಕಾ. ನಮ್ಮ ಬಾಳೆಯನ್ನು ಪೇಟೆಗೆ ಒಯ್ಯುವುದು ಅವನ ಗಾಡಿಯೇ. ಒಂದು ದಿನ ಕಟ್ಟೆಯ ಮೇಲೆ ಕೂತು, "ಇಪ್ಪತ್ತೈದಕ್ಕ ಗಾಡಿ ಹೊಡೀತೀನಿ. ಅವತ್ತು ಕಲಬುರಗ್ಯಾಗ ಬಡಾ ದಿನ್. ಸ್ಟೇಶನ್ ಕಡಿ ಗಿರ್ಜಾದಾಗ, ರೈಲ್ವೆ ಬಂಗ್ಲಾದಾಗ ದೀಪಾ ಹಚ್ತಾರ, ದೇಖ್‌ನಾ!" ಅಂದ. ಕ್ರೈಸ್ತರ ಹಬ್ಬಕ್ಕೆ ನಮ್ಮ ಕಡೆ ಅದೇ ಹೆಸರು, ಬಡಾ ದಿನ್, ಅಂದರೆ ದೊಡ್ಡ ದಿನ; ಅವರ ಚರ್ಚಿಗೆ ಗಿರ್ಜಾ.

ನಾನು ಸುಮ್ಮನಿರಬೇಕಿತ್ತು. ಆದರೆ ಆ ತಿಂಗಳು ನಾನು ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅಳೆಯುತ್ತಿದ್ದೆ. ಶಾಲೆಯ ಮಾಸ್ತರರ ಗಡಿಯಾರ ನೋಡಿ ಹೊತ್ತು ಹುಟ್ಟುವುದನ್ನೂ ಮುಳುಗುವುದನ್ನೂ ಬರೆಯುತ್ತಿದ್ದೆ.

"ಕಾಕಾ, ಅದು ಬಡಾ ದಿನ ಅಲ್ಲ. ವರ್ಷದಾಗ ಎಲ್ಲಾಕಿಂತ ಸಣ್ಣ ದಿನಗೋಳು ಇವೇ. ನನ್ನ ಲೆಕ್ಕದಾಗ ಅದ."

"ನಿನ್ನ ಲೆಕ್ಕಾ ಕೇಳಿ ಹೆಸರಿಟ್ಟಾರೇನು ಅವ್ರು?"

"ಹೆಸರಿಡೂದಾದ್ರ ಖರೇ ಹೆಸರಿಡಬೇಕು. ಛೋಟಾ ದಿನ್ ಅನ್ಬೇಕು."

"ಅರೇ ಬೇಟಾ, ನಿನಗ ಚನ್ನಬಸಪ್ಪ ಅಂತ ಹೆಸರಿಟ್ಟಾರ. ಅದರಾಗ ಚನ್ನ ಎಲ್ಲದ? ನಾವೇನರ ಕೇಳೀವೇನು?"

ಒಳಗಿನಿಂದ ಆಯಿಯ ನಗು ಕೇಳಿಸಿತು. ನಗುತ್ತಲೇ ಹೊರಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, "ಬಡಾ ಅದನೋ ಛೋಟಾ ಅದನೋ ನೋಡೇಬಿಡೂಣು ನಡೀರಿ. ನನಗೂ ಒಂದು ಸಲ ಆ ದೀಪ ತೋರಸ್ರಿ" ಅಂದಳು. ನಾನು ಅಲ್ಲೇ ಮನಸ್ಸಿನಲ್ಲಿ ಕೂಡಿಸಿದೆ. ಇಪ್ಪತ್ತೈದರ ಸಂಜೆ ದೀಪ. ಇಪ್ಪತ್ತಾರರ ಮುಂಜಾನೆ, ಆಯಿಗೆ ಹೇಳದೆ, ದವಾಖಾನೆ. ಕಾಕಾನಿಗೆ ಕಣ್ಣು ಹೊಡೆದೆ. ಅವನು ತಿರುಗಿ ಎರಡೂ ಕಣ್ಣು ಹೊಡೆದ. ಅವನಿಗೆ ಒಂದೇ ಹೊಡೆಯಲು ಬರುವುದಿಲ್ಲ.

ಕೋಳಿ ಕೂಗುವ ಮೊದಲೇ ಗಾಡಿ ಹೂಡಿದೆವು. ಹಿಂದೆ ಒಣ ಎಲೆಯ ಮೇಲೆ ಬಾಳೆಗೊನೆ, ಮುಂದೆ ಗೋಣಿತಟ್ಟಿನ ಮೇಲೆ ಆಯಿ, ಆಕೆಯ ಮಡಿಲಲ್ಲಿ ರೊಟ್ಟಿ ಗಂಟು. ನನ್ನ ಕೈಯಲ್ಲಿ ಪೆನ್ಸಿಲ್ಲು. ಚಳಿಗೆ ಎತ್ತುಗಳ ಮೂಗಿನಿಂದ ಹೊಗೆ ಬರುತ್ತಿತ್ತು. ಮೈಲುಗಲ್ಲು ಬಂದಾಗಲೆಲ್ಲ ನಾನು ಒಂದು ಗೆರೆ ಎಳೆಯುತ್ತಿದ್ದೆ. "ಕಲ್ಲು ಓಡಿಹೋಗ್ತಾವೇನೋ? ನಾಳಿಗೂ ಅಲ್ಲೇ ಇರ್ತಾವ" ಎಂದು ಕಾಕಾ ಗದರಿದ. ಮಹಾಗಾಂವದ ಬಾವಿಯ ಹತ್ತಿರ ರೊಟ್ಟಿ ಬಿಚ್ಚಿದೆವು. ಆಯಿ ಶೇಂಗಾ ಹಿಂಡಿ ಚಟ್ನಿಯನ್ನು ಕಾಕಾನ ರೊಟ್ಟಿಯ ಮೇಲೆ ಹಾಕಬೇಕೆಂದು ಹೋಗಿ ಅವನ ಮೊಣಕಾಲಿನ ಮೇಲೆ ಹಾಕಿದಳು. ಯಾರೂ ನಗಲಿಲ್ಲ. ಕಾಕಾ ಅದನ್ನು ಬೆರಳಿಂದ ಬಳಿದು ತಿಂದು, "ಖಾರಾ ಛಲೋ ಅದ ಅಮ್ಮಾ" ಅಂದ.

ಪೇಟೆಯಲ್ಲಿ ಬಾಳೆ ಇಳಿಸಿ ಸ್ಟೇಶನ್ ರಸ್ತೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತು. ನಾನು ಕಾಕಾನಿಗೆ, "ನೋಡು, ಎಷ್ಟು ಲಗೂ ಮುಳುಗ್ತು. ಛೋಟಾ ದಿನ್" ಅಂದೆ. ಅವನು ಗಾಡಿ ತಿರುಗಿಸಿದ.

ಓದುಗರೇ, ನಾನು ದೀಪಾವಳಿ ಕಂಡವನು, ಉರುಸಿನ ದೀಪ ಕಂಡವನು. ಆದರೆ ದೀಪವನ್ನು ಕಾಗದದೊಳಗೆ ಮುಚ್ಚಿಟ್ಟು ಬಣ್ಣ ಹೊರಗೆ ಸೋಸುವ ಈ ಜಾಣತನ ಕಂಡದ್ದು ಅಂದೇ ಮೊದಲು. ಗಿರ್ಜಾದ ಬಾಗಿಲ ಮೇಲೆ ಗಾಡಿಯ ಗಾಲಿಯಷ್ಟು ದೊಡ್ಡ ಕಾಗದದ ಚಿಕ್ಕೆ, ಅದರ ಹೊಟ್ಟೆಯೊಳಗೊಂದು ದೀಪ. ಪೌಳಿಯ ಗೋಡೆಯುದ್ದಕ್ಕೂ ಪಣತಿ. ಬೇವಿನ ಗಿಡದ ಟೊಂಗೆ ಟೊಂಗೆಗೂ ಕೆಂಪು, ಹಳದಿ, ನೀಲಿ ಕಂದೀಲು. ಅತ್ತ ರೈಲ್ವೆ ಬಂಗಲೆಗಳ ಕಿಟಕಿಗಳಲ್ಲಿ ಸಾಲಾಗಿ ಮೇಣಬತ್ತಿ. ಒಳಗಿಂದ ಹಾಡು ಬರುತ್ತಿತ್ತು. ಹಾಡು ಕನ್ನಡದಲ್ಲೇ ಇತ್ತು, ರಾಗ ಮಾತ್ರ ಕೋಟು ಹಾಕಿಕೊಂಡಂತಿತ್ತು. ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ತಾಟು ಹಿಡಿದು, "ಬರ್ರೀ ಅಮ್ಮಾ, ತಗೋರಿ" ಎಂದು ಆಯಿಯ ಕೈಗೆ ಏನೋ ಇಟ್ಟಳು. ಆಯಿ ಮುಟ್ಟಿ ನೋಡಿ, "ಅಯ್ಯ, ನಮ್ಮ ಕರಚಿಕಾಯಿನೇ ಅದ!" ಎಂದು ಖುಷಿಪಟ್ಟು ಸೆರಗಿಗೆ ಗಂಟು ಹಾಕಿಕೊಂಡಳು.

ಕಾಕಾ ನನ್ನ ಕಿವಿಯ ಹತ್ತಿರ ಬಂದು, "ಈಗ ಹೇಳು. ಹೊತ್ತು ಮುಳುಗ್ಯದ. ದಿನಾ ಮುಗೀತೇನು?" ಅಂದ. ನಾನು ಕೇಳಿಸದವನಂತೆ ಎಣಿಸತೊಡಗಿದೆ. ನಾಲ್ಕು ನಿಂತ ಗೆರೆ, ಮೇಲೊಂದು ಅಡ್ಡಗೆರೆ. ಎರಡು ಸಲ ಜನರ ಮೈಮೇಲೆ ಹೋದೆ, ಒಮ್ಮೆ ಒಬ್ಬ ಕಾವಲುಗಾರನ ಬೂಟು ತುಳಿದೆ. ನೂರಾ ಹದಿನೇಳು ಆಯಿತು. ಹದಿನೆಂಟನೆಯದರ ಹತ್ತಿರ ಜಗಳ ಬಂತು. ಬಂಗಲೆಗಳ ಆಚೆ, ಮೇಲೆ, ಒಂದು ಕೆಂಪು ದೀಪ.

"ಅದು ನಕ್ಕೊ, ಬ್ಯಾಡ. ಅದು ರೈಲಿನ ಸಿಗ್ನಲ್" ಅಂದ ಕಾಕಾ.

"ಕೆಂಪಗೆ ಚಂದ ಉರೀಲಿಕತ್ತದಲ್ಲ?"

"ದಿನಾ ಉರೀತದ. ಬಡಾ ದಿನಕ್ಕ ಹಚ್ಚಿದ್ದಲ್ಲ."

"ಬಡಾ ದಿನದ ದಿವಸ ಉರೀತದೋ ಇಲ್ಲೋ?"

ತೀರ್ಪು ಆಗಲಿಲ್ಲ. ೧೧೮ ಎಂದು ಬರೆದು ಪಕ್ಕದಲ್ಲಿ ಆ ಕೊಂಡಿ ಹಾಕಿದೆ. ಆಯಿಯನ್ನೇ ಕೇಳೋಣವೆಂದು ತಿರುಗಿದೆ. ಆಕೆ ಗಾಡಿಯ ಮೂಕಿ ಹಿಡಿದು ನಿಂತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು.

"ಆಯಿ, ನಿನಗ ಎಷ್ಟು ಕಾಣ್ತಾವ?"

"ಎಣಸೂದೇನೋ ಇದನ್ನ! ಎಷ್ಟು ಚಂದ ಬಳಿ ತೊಡಿಸ್ಯಾರಲ್ಲೋ."

"ಯಾವ ಬಳಿ?"

"ದೀಪಕ್ಕ. ಒಂದೊಂದು ದೀಪಕ್ಕೂ ಬಳಿ. ಒಳಗೊಂದು ಹಸರ ಬಳಿ, ಹೊರಗೊಂದು ಕೆಂಪ ಬಳಿ. ಮುತ್ತೈದಿ ಕೈ ಇದ್ದಂಗ ಅವ."

ಅಜ್ಜ ಹೋದಂದಿನಿಂದ ಆಕೆಯ ಕೈ ಬರಿದು. ಆ ಕೈ ಎತ್ತಿ ದೀಪ ತೋರಿಸುತ್ತಿದ್ದಳು. ನಾನು ಗಿರ್ಜಾ ನೋಡಿದೆ, ಗಿಡ ನೋಡಿದೆ, ಕಿಟಕಿ ನೋಡಿದೆ. ಎಲ್ಲಿಯೂ ಬಳೆ ಇರಲಿಲ್ಲ. ಪೆನ್ಸಿಲ್ಲನ್ನು ಜೇಬಿಗೆ ಹಾಕಿಕೊಂಡು, "ಹೌದು ಆಯಿ, ಚಂದ ಅವ" ಅಂದೆ.

ಮರುದಿನ ಮುಂಜಾನೆ ಗುಡಿಗೆ ಹೋಗೋಣ ಎಂದು ಆಯಿಯನ್ನು ಹೊರಡಿಸಿದೆ, ಆದರೆ ನನ್ನ ಗುಟ್ಟು ದವಾಖಾನೆಯ ಗೇಟಿನವರೆಗೆ ಮಾತ್ರ ಉಳಿಯಿತು. ಆಯಿ ಮೂಗು ಏರಿಸಿ, "ಇದು ಗುಡಿ ವಾಸನಿ ಅಲ್ಲ" ಅಂದಳು. ಬೈದಳು. ಬೈದು ಮುಗಿದ ಮೇಲೆ, ಬಂದದ್ದಾಯಿತಲ್ಲ ಎಂದು ಸಾಲಿನಲ್ಲಿ ಕೂತಳು. ಕಂಪೌಂಡರು ಒಳ್ಳೆಯ ಮನುಷ್ಯ. ಕಣ್ಣಿಗೆ ದೀಪ ಹಿಡಿದು ನೋಡಿ, "ಹಣ್ಣಾಗ್ಯದ್ರೀ ಅಮ್ಮಾ, ತೆಗೀಲಿಕ್ಕಿ ಬರ್ತದ. ಚಲೋ ಕಾಣಸ್ತದ" ಅಂದರು.

"ದೀಪದ ಬಳಿ ಹೋಗ್ತಾವೇನ್ರೀ?"

ಅವರು ಇಂಥ ಬಳೆಗಳ ಸುದ್ದಿ ಮೊದಲೂ ಕೇಳಿದ್ದರೆಂದು ಕಾಣುತ್ತದೆ. "ಹೋಗ್ತಾವ್ರೀ. ಬರೇ ದೀಪ ಉಳೀತದ."

ಆಯಿ ಎದ್ದಳು. ಸೆರಗು ಸರಿಮಾಡಿಕೊಂಡು, ಗೋಡೆ ಹಿಡಿದು, ತಾನೇ ಹೊರಗೆ ಬಂದು ಗಾಡಿ ಹತ್ತಿದಳು. "ನಡಿ ಮೆಹಬೂಬ" ಅಂದಳು.

ವಾಪಸು ಬರುವಾಗ ಆರು ಮೈಲುಗಲ್ಲು ದಾಟಿದವು. ಏಳನೆಯದರ ಹತ್ತಿರ ಆಯಿ ಕೇಳಿದಳು.

"ಚನ್ಯಾ, ನಿನಗ ಬಳಿ ಕಾಣಸಿದ್ವು?"

ನಾನು ಕೂತ ಜಾಗದಲ್ಲೇ ಸಣ್ಣವನಾದೆ. "ಇಲ್ಲ ಆಯಿ."

"ನಿನ್ನಿ ಹೌದಂದಿ."

"ಸುಳ್ಳಂದೆ."

"ಮೆಹಬೂಬ, ನಿನಗ?"

"ಇಲ್ಲ ಅಮ್ಮಾ. ದೀಪಾ ಅಷ್ಟೇ."

ಇನ್ನೂ ಎರಡು ಕಲ್ಲು ಹೋದವು. ಆಮೇಲೆ ಆಯಿ ಕರಚಿಕಾಯಿಯ ಗಂಟು ಬಿಚ್ಚಿ ಮೂರು ಪಾಲು ಮಾಡುತ್ತ, "ಹಂಗಾರ ಅಷ್ಟು ಜನದಾಗ ನಾನೊಬ್ಬಾಕಿನೇ ನೋಡಿದೆ ಅನ್ನು" ಅಂದಳು. ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ನಾನು ಆ ದಿನ ಬರೆದದ್ದು ಇಷ್ಟೇ: "ದವಾಖಾನೆ, ಆಗಲಿಲ್ಲ. ಕರಚಿಕಾಯಿ ೧, ಪಾಲು ೩."

ಆ ವರ್ಷ ಹಾಗೇ ಹೋಯಿತು. ಮರುವರ್ಷ ಮಳೆ ಮುಗಿದ ಮೇಲೆ ಒಂದು ದಿನ ತೋಟದಲ್ಲಿ ಆಯಿ ಒಂದು ಗೊನೆ ಒತ್ತಿ, "ಇದು ಕಡಿ" ಅಂದಳು. ಅದು ಹಸಿ ಹಸಿ ಕಾಯಿ. ಅಪ್ಪ, "ಹೂಂ ಅವ್ವಾ" ಎಂದು ಕುಡಗೋಲನ್ನು ಪಕ್ಕದ ಒಣ ದಂಟಿಗೆ ಹೊಡೆದ, ಸಪ್ಪಳವಾಗಲಿ ಎಂದು. ನಾನು ನೆಲ ನೋಡಿದೆ. ಆಯಿ ಸಪ್ಪಳದ ಕಡೆ ಕಿವಿ ತಿರುಗಿಸಿದಳು.

"ಹಸೀ ದಂಟು ಕಡದ್ರ ಸಪ್ಪಳ ಬ್ಯಾರೆ ಬರ್ತದ ಮಗನ" ಅಂದಳು.

ಸಂಜೆ ನನ್ನನ್ನು ಕರೆದು, "ನಿನ್ನ ಬುಕ್ಕು ತಗೀ. ಆ ಡಾಕ್ಟರ್ ಎಂದು ಬರ್ತಾನ ನೋಡು. ಮೂರೂ ತಾರೀಖು ಹೇಳು, ಯಾವುದರ ಒಂದು ತಪ್ಪೂದಿಲ್ಲ" ಅಂದಳು. ಆಮೇಲೆ, "ಆದ್ರ ಬಡಾ ದಿನಕ್ಕ ಮತ್ತ ಕರ್ಕೊಂಡು ಹೋಗಬೇಕು. ಏನು ಕಳಕೊಂಡೆ ಅಂಬೂದು ನೋಡಬೇಕು ನನಗ" ಅಂದಳು.

ದೀಪಾವಳಿ ಆದಮೇಲೆ ಮೋತಿ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗದಂತೆ ಮಲಗಿಸಿದರು. ನಾನು ಮಂಚದ ಪಕ್ಕ ಕೂತು ದಿನಾ ಮೂರು ತಾರೀಖು ಓದುತ್ತಿದ್ದೆ. ಆಕೆಗೆ ಫಸಲಿ ತಿಂಗಳುಗಳೆಲ್ಲ ಬಾಯಿಪಾಠವಾಗಿ, ಪಕ್ಕದ ಮಂಚದ ಅಜ್ಜಿಗೆ ತಾರೀಖು ಹೇಳತೊಡಗಿದಳು. ಪಟ್ಟಿ ಬಿಚ್ಚಿ ಕೆಲವು ವಾರದ ನಂತರ ಚಾಳೀಸು ಕೊಡುತ್ತೇವೆ ಎಂದರು. ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಅಂತಲೇ ಅನ್ನುವುದು, ನಲವತ್ತಕ್ಕೆ ಬರುವಂಥದು ಎಂದು.

"ನನಗ ಎಪ್ಪತ್ತು ದಾಟ್ಯಾವ. ಚಾಳೀಸ ಹಾಕ್ಕೊಂಡ್ರ ತಿರುಗಿ ನಲವತ್ತು ಆಗ್ತೀನೇನು?"

"ಆಗು ಅಮ್ಮಾ" ಅಂದ ಕಾಕಾ. "ಆಮ್ಯಾಲ ಗಾಡಿ ನೀನೇ ಹೊಡಿ, ನಾ ಹಿಂದ ಮಲಗ್ತೀನಿ."

ಚಾಳೀಸು ಕೈಗೆ ಬಂದದ್ದು ಡಿಸೆಂಬರ್ ಇಪ್ಪತ್ತೈದಕ್ಕೇ. ಹೊಂದಿಸಿದವನು ನಾನೇ. ಗಾಜು ದಪ್ಪಗೆ, ಆಯಿಯ ಕಣ್ಣು ಅದರ ಹಿಂದೆ ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲು ನನ್ನನ್ನು ನೋಡಿ, "ಮೀಸಿ ಬಂದಾವಲ್ಲೋ, ಯಾಕ ಯಾರೂ ಹೇಳಲಿಲ್ಲ?" ಅಂದಳು. ಕಾಕಾನನ್ನು ನೋಡಿ, "ನೀ ಯಾಕ ಇಷ್ಟು ಮುದುಕ ಆದಿ?" ಅಂದಳು.

ಸ್ಟೇಶನ್ ರಸ್ತೆಗೆ ಬಂದಾಗ ದೀಪ ಆಗತಾನೆ ಹಚ್ಚುತ್ತಿದ್ದರು. ಅದೇ ಚಿಕ್ಕೆ, ಅದೇ ಬೇವಿನ ಗಿಡ. ನಾನು ಪೆನ್ಸಿಲ್ಲು ತೆಗೆಯಲಿಲ್ಲ. ಆಯಿಯ ಮುಖ ನೋಡುತ್ತಿದ್ದೆ. ಆಕೆ ಒಂದೊಂದೇ ದೀಪ ನೋಡಿದಳು. ಗೋಡೆಯ ಪಣತಿ ನೋಡಿದಳು, ಗಿಡದ ಕಂದೀಲು ನೋಡಿದಳು. ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಇಲ್ಲ" ಅಂದಳು. "ಬಳಿ ಹೋಗ್ಯಾವ."

ಕಾಕಾ ಎತ್ತಿನ ಹಗ್ಗ ಬಿಗಿಯುವ ನೆವದಲ್ಲಿ ಬಗ್ಗಿದ. ಆಯಿ ಒಂದು ಉಸಿರು ಬಿಟ್ಟಳು. ಆಮೇಲೆ ಎಣಿಸತೊಡಗಿದಳು, ಬೆರಳಿನ ಗೆಣ್ಣಿನ ಮೇಲೆ, ಬಾಯಲ್ಲಿ ಗುಣುಗುಣು. ರೊಟ್ಟಿ ಎಣಿಸುವುದಕ್ಕೆ ನನ್ನನ್ನು ಬೈಯುವ ನಮ್ಮ ಆಯಿ! ಗೋಡೆ ಮುಗಿಸಿ ಗಿಡಕ್ಕೆ ಬಂದಳು, ಗಿಡ ಮುಗಿಸಿ ಬಂಗಲೆಗೆ ಹೋದಳು. ಕಿಟಕಿಗಳ ಆಚೆ, ಮೇಲೆ, ಆ ಕೆಂಪು ದೀಪದ ಹತ್ತಿರ ಬಂದು ಅವಳ ಬೆರಳು ನಿಂತಿತು.

ದೂರದಲ್ಲಿ ರೈಲು ಕೂಗಿತು. ಸಿಗ್ನಲ್ ಕಂಬದ ಕೈ ಖಟ್ಟನೆ ಇಳಿಯಿತು. ಕೆಂಪು ಹೋಗಿ ಹಸಿರಾಯಿತು.

"ಚನ್ಯಾ!" ಆಯಿ ನನ್ನ ತೋಳು ಹಿಡಿದು ಜಗ್ಗಿದಳು. "ಅಲ್ಲಿ ನೋಡೋ! ಹಣ್ಣು ಕಾಯಾತು!"

"ಆಯಿ, ಅದು—"

"ನಾ ನೋಡಿದೆನೋ. ಇಲ್ಲಿಂದನೇ ನೋಡಿದೆ. ಹಣ್ಣಿತ್ತು, ನೋಡನೋಡದ್ರಾಗ ಕಾಯಾತು. ಇಷ್ಟು ವರ್ಷ ತ್ವಾಟಾ ಮಾಡೀನಿ, ಹಿಂಗ ಎಂದೂ ನೋಡಿಲ್ಲ."

ಕಾಕಾ ಬಗ್ಗಿದವನು ಹಾಗೇ ಹಗ್ಗ ಹಿಡಿದು ನಗುತ್ತಿದ್ದ. ನಾನು ಹಿಂದಿನ ವರ್ಷದ ಜಗಳ ನೆನಪಿಸಿ ಕೇಳಿದೆ: "ಆಯಿ, ಅದು ರೈಲಿನ ದೀಪ. ಲೆಕ್ಕಕ್ಕ ಹಿಡೀಲೋ ಬ್ಯಾಡೋ?"

ಆಯಿ ಆ ದೊಡ್ಡ ಕಣ್ಣುಗಳಿಂದ ನನ್ನನ್ನು ನೋಡಿದಳು.

"ಹಿಡಿ. ಎರಡು ಬರಕೊ. ಹಣ್ಣೊಂದು, ಕಾಯೊಂದು."